ಟೆಕ್ಸಾಸ್‌ನ ಜಮೀನಿಗೆ ‘ಮಡ್’ ಬೇಕೇ? ಸೇರುವುದು, ಹೊರಗುಳಿಯುವುದು, ನಗರಕ್ಕೆ ಹೋಗುವುದು: ಒಂದು ಹೋಲಿಕೆ

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ನಗರಗಳ ಹೊರವಲಯದಲ್ಲಿ ಜಮೀನು ಕೊಂಡಿಟ್ಟಿರುವ ಕನ್ನಡ ಕುಟುಂಬಗಳು ಈಗ ಸಾಕಷ್ಟಿವೆ. ಕೆಲವರದು ಸ್ವಂತದ ಹತ್ತು ಎಕರೆ. ಇನ್ನು ಕೆಲವರು ಐದಾರು ಕುಟುಂಬಗಳು ಸೇರಿ ಒಂದು ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ಮಾಡಿಕೊಂಡು, ಮೂವತ್ತು ನಲವತ್ತು ಎಕರೆ ಹುಲ್ಲುಗಾವಲು ಕೊಂಡು, ಹುಲ್ಲು ಕೊಯ್ಯುವವರಿಗೆ ಅದನ್ನು ಗುತ್ತಿಗೆ ಕೊಟ್ಟು, ನಗರ ತಮ್ಮತ್ತ ಬೆಳೆದು ಬರಲಿ ಎಂದು ಕಾಯುತ್ತಿದ್ದಾರೆ. ನಗರ ಬೆಳೆದು ಬರುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಅಂಚೆ ಪೆಟ್ಟಿಗೆಯಲ್ಲಿ: ಪಕ್ಕದ ಮುನ್ನೂರು ಎಕರೆ ಕೊಂಡ ಡೆವಲಪರ್‌ನ ವಕೀಲರು ಕಳುಹಿಸಿದ ಒಂದು ಲಕೋಟೆ. ಒಳಗೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ (ಚುಟುಕಾಗಿ ‘ಮಡ್’; ನೀರು, ಒಳಚರಂಡಿ ಒದಗಿಸಿ ಅದಕ್ಕೆ ತೆರಿಗೆ ಹಾಕುವ ಸ್ಥಳೀಯ ಸಂಸ್ಥೆ) ರಚನೆಗೆ ಒಂದು ಅರ್ಜಿ, ಜಮೀನಿನ ಗಡಿಗಳ ಅಳತೆ ವಿವರ, ಸಹಿಗೆ ಖಾಲಿ ಬಿಟ್ಟ ಜಾಗ.

ಆ ಸಹಿಯನ್ನು ಹಾಕುವ ಮೊದಲು ನಿಮ್ಮ ಮುಂದೆ ಯಾವ ಯಾವ ದಾರಿಗಳಿವೆ, ಒಂದೊಂದರಲ್ಲಿ ನೆಲದ ಮಾಲೀಕರಿಗೆ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ ಎಂಬುದನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮಡ್ ಕೆಟ್ಟದ್ದಲ್ಲ, ಆದರೆ ಅದರಲ್ಲಿ ನೆಲದ ಮಾಲೀಕನ ಮಾತಿಗೆ ಬೆಲೆ ಇರುವುದು ರಚನೆಗೆ ಮುಂಚೆ ಮಾತ್ರ. ಆಮೇಲೆ ಮತ ಅಲ್ಲಿ ವಾಸಿಸುವವರದು, ಸಾಲ ನೆಲದ್ದು.

ಮಡ್‌ನ ಕೆಲಸ ನಡೆಯುವ ರೀತಿ

ಟೆಕ್ಸಾಸ್‌ನಲ್ಲಿ ಕೌಂಟಿ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) ಎಂಬುದು ಸಾಮಾನ್ಯವಾಗಿ ನೀರು, ಒಳಚರಂಡಿ ಕೊಡುವ ಸಂಸ್ಥೆಯಲ್ಲ. ನಗರದ ಗಡಿಯ ಆಚೆ ಮನೆ ಕಟ್ಟಬೇಕೆಂದರೆ ಆ ವ್ಯವಸ್ಥೆಯನ್ನು ಯಾರಾದರೂ ಹೊಸದಾಗಿ ಮಾಡಲೇಬೇಕು. ರಾಜ್ಯದ ಸಂವಿಧಾನಕ್ಕೆ 1917ರಲ್ಲಿ ಸೇರಿದ ಒಂದು ತಿದ್ದುಪಡಿ ಇದಕ್ಕಾಗಿ ವಿಶೇಷ ಡಿಸ್ಟ್ರಿಕ್ಟ್‌ಗಳನ್ನು ರಚಿಸಲು ಅವಕಾಶ ಕೊಟ್ಟಿತು. ಇಂದಿನ ರೂಪದ ಮಡ್‌ಗೆ ಕಾನೂನಿನ ಚೌಕಟ್ಟು ಬಂದದ್ದು 1971ರಲ್ಲಿ. ಅದು ರಾಜ್ಯದ ಜಲ ಕಾನೂನಾದ ವಾಟರ್ ಕೋಡ್‌ನ 54ನೇ ಅಧ್ಯಾಯದಲ್ಲಿದೆ. ಹ್ಯೂಸ್ಟನ್ ಸುತ್ತಲಿನ ಹ್ಯಾರಿಸ್, ಫೋರ್ಟ್ ಬೆಂಡ್, ಮಾಂಟ್ಗೊಮರಿ ಕೌಂಟಿಗಳಲ್ಲೇ ಇಂತಹ ಡಿಸ್ಟ್ರಿಕ್ಟ್‌ಗಳು ನೂರಾರು. ಕೇಟಿ ಬಳಿಯ ಸಿಂಕೊ ರಾಂಚ್, ಉತ್ತರದ ದಿ ವುಡ್‌ಲ್ಯಾಂಡ್ಸ್ ಬೆಳೆದದ್ದು ಹೀಗೆಯೇ. ರೌಂಡ್ ರಾಕ್ ಬಳಿಯ ಬ್ರಶಿ ಕ್ರೀಕ್ ಮಡ್ ಅಂತೂ ಉದ್ಯಾನ, ಈಜುಕೊಳಗಳನ್ನೆಲ್ಲ ನಡೆಸುತ್ತಾ ಒಂದು ಸಣ್ಣ ಪುರಸಭೆಯಂತೆಯೇ ಇದೆ.

ಹಣದ ಹಾದಿ ಸರಳ. ಡೆವಲಪರ್ ಮೊದಲು ತನ್ನ ಹಣದಲ್ಲಿ ಕೊಳವೆ, ನೀರಿನ ಟ್ಯಾಂಕ್, ಕೊಳಚೆ ನೀರಿನ ಶುದ್ಧೀಕರಣ ಘಟಕ, ಮಳೆನೀರು ನಿಲ್ಲುವ ಹೊಂಡ ಮಾಡಿಸುತ್ತಾನೆ. ಒಂದಷ್ಟು ಮನೆಗಳು ಎದ್ದು ತೆರಿಗೆಯ ಆಧಾರ ಗಟ್ಟಿಯಾದ ಮೇಲೆ ಮಡ್ ಬಾಂಡ್ (ಸಾಲಪತ್ರ) ಮಾರಿ ಆ ವೆಚ್ಚದ ಬಹುಭಾಗವನ್ನು ಅವನಿಗೆ ಹಿಂದಿರುಗಿಸುತ್ತದೆ. ಬಾಂಡ್ ತೀರಿಸುವುದಕ್ಕೆ ಡಿಸ್ಟ್ರಿಕ್ಟ್ ಒಳಗಿನ ಪ್ರತಿಯೊಂದು ಆಸ್ತಿಯ ಮೇಲೆ ವರ್ಷವರ್ಷವೂ ತೆರಿಗೆ ಬೀಳುತ್ತದೆ. ಇದರ ಜೊತೆಗೆ ನಿರ್ವಹಣೆಗೆಂದು ಇನ್ನೊಂದು ತೆರಿಗೆ. ಸಾಲದ ತೆರಿಗೆಗೆ ಸಾಮಾನ್ಯವಾಗಿ ಮೇಲ್ಮಿತಿಯೇ ಇರುವುದಿಲ್ಲ. ಬಾಂಡ್ ಕೊಂಡವರಿಗೆ ಕೊಟ್ಟ ಭರವಸೆಯೇ ‘ಎಷ್ಟು ಬೇಕೋ ಅಷ್ಟು ವಸೂಲು ಮಾಡುತ್ತೇವೆ’ ಎಂಬುದು.

ಈ ಕೊನೆಯ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. 1980ರ ದಶಕದಲ್ಲಿ ತೈಲದ ಬೆಲೆ ಕುಸಿದು ಹ್ಯೂಸ್ಟನ್ ಸುತ್ತ ಮನೆ ನಿರ್ಮಾಣ ನಿಂತುಹೋದಾಗ, ನೂರಾರು ಮನೆಗಳನ್ನು ನಂಬಿ ಸಾಲ ಮಾಡಿದ್ದ ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಹೊರೆ ಹೊರಲು ಉಳಿದದ್ದು ಬೆರಳೆಣಿಕೆಯ ಮನೆಗಳು ಮತ್ತು ಖಾಲಿ ನೆಲ. ಆಮೇಲೆ ರಾಜ್ಯದ ನಿಯಮಗಳು ಬಿಗಿಯಾದವು. ಈಗ ಬಾಂಡ್ ಮಾರಾಟಗಳನ್ನು ಸಾಮಾನ್ಯವಾಗಿ ರಾಜ್ಯದ ಪರಿಸರ ಆಯೋಗವಾದ ಟಿಸಿಇಕ್ಯೂ ಪರಿಶೀಲಿಸುತ್ತದೆ. ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಸಹಿ, ಮತ, ಮತ್ತು ಗದ್ದೆಯ ನಡುವಿನ ಮೊಬೈಲ್ ಹೋಮ್

ಮಡ್ ಹುಟ್ಟುವ ದಾರಿಗಳಲ್ಲಿ ಮುಖ್ಯವಾದವು ಎರಡು. ಒಂದು, ಟಿಸಿಇಕ್ಯೂಗೆ ಅರ್ಜಿ ಹಾಕುವುದು. ಇನ್ನೊಂದು, ಶಾಸನಸಭೆಯಲ್ಲಿ ಪ್ರತ್ಯೇಕ ಕಾಯ್ದೆ ಮಾಡಿಸುವುದು. ಬೆಸ ಸಂಖ್ಯೆಯ ವರ್ಷಗಳಲ್ಲಿ 140 ದಿನ ನಡೆಯುವ ಅಧಿವೇಶನದಲ್ಲಿ ಇಂತಹ ಮಸೂದೆಗಳು ಸದ್ದಿಲ್ಲದೆ ಸಾಗಿಹೋಗುತ್ತವೆ.

ಟಿಸಿಇಕ್ಯೂ ದಾರಿಯಲ್ಲಿ ಅರ್ಜಿಗೆ ಬೇಕಾದದ್ದು ಮೌಲ್ಯದ ಲೆಕ್ಕದಲ್ಲಿ ಬಹುಪಾಲು ನೆಲದ ಒಡೆಯರ ಸಹಿ. ತಲೆ ಎಣಿಕೆಯ ಬಹುಮತವನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಮುನ್ನೂರು ಎಕರೆಯವನ ಒಂದು ಸಹಿ, ಹತ್ತು ಹತ್ತು ಎಕರೆಯ ನಾಲ್ವರ ವಿರೋಧವನ್ನು ಸುಲಭವಾಗಿ ಮೀರುತ್ತದೆ. ರೂಢಿಯಲ್ಲಿ ಒಪ್ಪದವರ ಜಮೀನನ್ನು ಬಿಟ್ಟು ಗಡಿ ಎಳೆಯುವ ಡೆವಲಪರ್‌ಗಳೇ ಹೆಚ್ಚು, ಏಕೆಂದರೆ ಜಗಳದಿಂದ ತಿಂಗಳುಗಟ್ಟಲೆ ತಡವಾಗುತ್ತದೆ. ಆದರೆ ಕಾನೂನು ಅವರನ್ನು ಹಾಗೆ ಕಟ್ಟಿಹಾಕಿಲ್ಲ ಎಂಬುದು ನೆನಪಿರಲಿ.

ಟಿಸಿಇಕ್ಯೂ ಒಪ್ಪಿಗೆ ಕೊಟ್ಟ ಮೇಲೆ ಐದು ಮಂದಿ ತಾತ್ಕಾಲಿಕ ನಿರ್ದೇಶಕರ ನೇಮಕ, ಅನಂತರ ರಚನೆಯನ್ನು ದೃಢಪಡಿಸುವ ಚುನಾವಣೆ. ಇದರಲ್ಲಿ ಮತ ಹಾಕುವವರು ಡಿಸ್ಟ್ರಿಕ್ಟ್ ಒಳಗೆ ವಾಸಿಸುವ ನೋಂದಾಯಿತ ಮತದಾರರು. ಬರಿಯ ಹುಲ್ಲುಗಾವಲಿನಲ್ಲಿ ವಾಸಿಸುವವರು ಯಾರು? ಟೆಕ್ಸಾಸ್ ಪತ್ರಿಕೆಗಳು ಹಲವು ಬಾರಿ ವರದಿ ಮಾಡಿರುವ ದೃಶ್ಯ ಹೀಗಿದೆ: ಗದ್ದೆಯ ನಡುವೆ ಒಂದು ಮೊಬೈಲ್ ಹೋಮ್ ತಂದು ನಿಲ್ಲಿಸಿರುತ್ತಾರೆ, ಕಡಿಮೆ ಬಾಡಿಗೆಗೋ ಬಾಡಿಗೆಯಿಲ್ಲದೆಯೋ ಅದಕ್ಕೆ ಬಂದ ಇಬ್ಬರು ಮೂವರು ಆ ವಿಳಾಸದಲ್ಲಿ ಮತದಾರರಾಗಿ ಹೆಸರು ಬರೆಸಿರುತ್ತಾರೆ, ಚುನಾವಣೆಯ ದಿನ ಅವರು ಹಾಕುವ ಎರಡು ಮೂರು ಮತಗಳಿಂದ ಡಿಸ್ಟ್ರಿಕ್ಟ್ ದೃಢಪಡುತ್ತದೆ, ನಿರ್ದೇಶಕರು ಆಯ್ಕೆಯಾಗುತ್ತಾರೆ, ಹತ್ತಾರು ಕೋಟಿ ಡಾಲರ್ ಬಾಂಡ್‌ಗೆ ಅನುಮತಿಯೂ ಸಿಗುತ್ತದೆ. ಮುಂದೆ ಬಂದು ನೆಲೆಸುವ ಸಾವಿರಾರು ಮಂದಿ ತೀರಿಸಬೇಕಾದ ಸಾಲಕ್ಕೆ ಅಂದೇ ಒಪ್ಪಿಗೆ ಬಿದ್ದಿರುತ್ತದೆ. ಇದು ಕಾನೂನುಬದ್ಧವಾಗಿಯೇ ನಡೆಯುತ್ತದೆ, ಮತ್ತು ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೇಸರ ತರಿಸುವುದು ಇದೇ.

ನಮ್ಮವರ ಸ್ಥಿತಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಜಮೀನು ಎಲ್‌ಎಲ್‌ಸಿ ಹೆಸರಿನಲ್ಲಿದೆ, ಎಲ್‌ಎಲ್‌ಸಿಗೆ ಮತವಿಲ್ಲ. ಪಾಲುದಾರರಲ್ಲಿ ಒಬ್ಬರು ಪ್ಲೇನೋದಲ್ಲಿ, ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ, ಒಬ್ಬರು ಬೆಂಗಳೂರಿಗೆ ಮರಳಿದ್ದಾರೆ; ಯಾರೂ ಆ ನೆಲದ ಮೇಲೆ ವಾಸಿಸುತ್ತಿಲ್ಲ. ಎಚ್-1ಬಿ ವೀಸಾದಲ್ಲಿರುವವರಿಗೆ, ಗ್ರೀನ್ ಕಾರ್ಡ್‌ನವರಿಗೆ ಎಲ್ಲಿ ವಾಸಿಸಿದರೂ ಮತದ ಹಕ್ಕಿಲ್ಲ. ತೆರಿಗೆಯ ಬಿಲ್ಲು ಮಾತ್ರ ಎಲ್ಲರ ಪಾಲಿಗೂ ಬರುತ್ತದೆ. ಹಾಗಾಗಿ ಅರ್ಜಿಯ ಮೇಲಿನ ಸಹಿಯೇ ನಿಮ್ಮ ಮತ. ಅದನ್ನು ಹಾಕುವುದಕ್ಕೂ ಹಾಕದಿರುವುದಕ್ಕೂ ಬೆಲೆ ಇರುವುದು ಆ ಕೆಲವೇ ವಾರಗಳಲ್ಲಿ.

ಮೊದಲ ದಾರಿ: ಮಡ್ ಒಳಗೆ ಸೇರುವುದು

ಸೇರುವುದರಿಂದ ಸಿಗುವ ದೊಡ್ಡ ಲಾಭ ಒಂದೇ: ಒಳಚರಂಡಿ. ಅದಿಲ್ಲದೆ ಸೆಪ್ಟಿಕ್ ಟ್ಯಾಂಕ್ ನೆಚ್ಚಿಕೊಂಡ ಬಡಾವಣೆಯಲ್ಲಿ, ಸಾರ್ವಜನಿಕ ನೀರು ಸರಬರಾಜು ಇದ್ದರೆ ಒಂದು ಮನೆಗೆ ಕನಿಷ್ಠ ಅರ್ಧ ಎಕರೆ, ಸ್ವಂತ ಕೊಳವೆಬಾವಿಯಾದರೆ ಕನಿಷ್ಠ ಒಂದು ಎಕರೆ ಬೇಕೆಂಬುದು ರಾಜ್ಯದ ನಿಯಮ. ಒಳಚರಂಡಿ ಬಂದರೆ ಅದೇ ಒಂದು ಎಕರೆಯಲ್ಲಿ ನಾಲ್ಕೈದು ಮನೆ ಏಳುತ್ತವೆ. ಜಮೀನಿನ ಬೆಲೆ ಏರುವುದರ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ. ಬಡಾವಣೆ ಮಾಡುವವರಿಗೆ ಮಾರುವ ಉದ್ದೇಶವೇ ನಿಮ್ಮದಾಗಿದ್ದರೆ, ಮಡ್ ಒಳಗಿನ ನೆಲ ಹೊರಗಿನ ನೆಲಕ್ಕಿಂತ ಹೆಚ್ಚು ಬೆಲೆ ತರುವ ಸಾಧ್ಯತೆ ಸ್ಪಷ್ಟವಾಗಿದೆ.

ನಷ್ಟ ಇರುವುದು ಕಾಯುವ ಕಾಲದಲ್ಲಿ. ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. 30 ಎಕರೆ, ಮಾರುಕಟ್ಟೆ ಮೌಲ್ಯ ಎಕರೆಗೆ 60,000 ಡಾಲರ್, ಒಟ್ಟು 18 ಲಕ್ಷ ಡಾಲರ್. ಹುಲ್ಲು ಬೆಳೆಯುತ್ತಿರುವುದರಿಂದ ಕೃಷಿ ಮೌಲ್ಯಮಾಪನ ಸಿಕ್ಕಿದೆ, ಅಂದರೆ ತೆರಿಗೆಗೆ ಮಾರುಕಟ್ಟೆ ಬೆಲೆಯ ಬದಲು ಕೃಷಿ ಬಳಕೆಯ ಮೌಲ್ಯವನ್ನು ಹಿಡಿಯುತ್ತಾರೆ. ತೆರಿಗೆಗೆ ಲೆಕ್ಕ ಹಿಡಿಯುವುದು ಎಕರೆಗೆ 150 ಡಾಲರ್, ಒಟ್ಟು 4,500 ಡಾಲರ್. ಮಡ್ ತೆರಿಗೆ ನೂರು ಡಾಲರ್ ಮೌಲ್ಯಕ್ಕೆ ಒಂದು ಡಾಲರ್ ಎಂದಾದರೆ, ಕೃಷಿ ಮೌಲ್ಯಮಾಪನ ಇರುವವರೆಗೆ ವರ್ಷಕ್ಕೆ 45 ಡಾಲರ್ ಕಟ್ಟುತ್ತೀರಿ. ಅದು ಹೋದರೆ ವರ್ಷಕ್ಕೆ 18,000 ಡಾಲರ್. ನೆಲ ಅದೇ, ಹುಲ್ಲು ಅದೇ, ಆದಾಯವೂ ಅದೇ.

ಮಡ್ ಒಳಗೆ ಬಂದ ಮಾತ್ರಕ್ಕೆ ಕೃಷಿ ಮೌಲ್ಯಮಾಪನ ಹೋಗುವುದಿಲ್ಲ. ಅದು ಹೋಗುವುದು ನೆಲದ ಬಳಕೆ ಬದಲಾದಾಗ, ಅಥವಾ ನೀವೇ ಅದನ್ನು ಬಿಟ್ಟುಕೊಟ್ಟಾಗ. ಎರಡನೆಯದರ ಮೇಲೆ ಕಣ್ಣಿಡಿ. ಬಾಂಡ್ ಹಣದಿಂದ ವೆಚ್ಚ ಮರಳಿ ಪಡೆಯುವ ಡೆವಲಪರ್‌ಗಳು ಕೃಷಿ ಮೌಲ್ಯಮಾಪನದ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದು ಸಾಮಾನ್ಯ. ಅದು ಕೌಂಟಿ ದಾಖಲೆಯಲ್ಲಿ ನೋಂದಣಿಯಾಗಿ ಮುಂದಿನ ಮಾಲೀಕರಿಗೂ ಅನ್ವಯಿಸುತ್ತದೆ. ಸುತ್ತಲಿನ ಸಣ್ಣ ಮಾಲೀಕರಿಗೆ ಕೊಡುವ ಕಾಗದಗಳ ಕಟ್ಟಿನಲ್ಲೂ ಇದೇ ಪತ್ರ ಸೇರಿಕೊಂಡಿರಬಹುದು. ಅರ್ಜಿಗೆ ಸಹಿ ಹಾಕುವುದು ಬೇರೆ, ಈ ಪತ್ರಕ್ಕೆ ಸಹಿ ಹಾಕುವುದು ಬೇರೆ. ಡೆವಲಪರ್ ಅಲ್ಲದ ನಿಮಗೆ ಎರಡನೆಯದರಿಂದ ಯಾವ ಉಪಕಾರವೂ ಇಲ್ಲ.

ಬಳಕೆ ಬದಲಾದ ದಿನ ಹಿಂದಿನ ವರ್ಷಗಳ ತೆರಿಗೆಯ ವ್ಯತ್ಯಾಸವನ್ನೂ ಕಟ್ಟಬೇಕು. ಮೊದಲು ಅದು ಐದು ವರ್ಷಗಳದ್ದಾಗಿತ್ತು, ಬಡ್ಡಿಯೂ ಸೇರುತ್ತಿತ್ತು. 2019ರಲ್ಲಿ ಮೂರು ವರ್ಷಕ್ಕೆ ಇಳಿಯಿತು, 2021ರಲ್ಲಿ ಬಡ್ಡಿಯನ್ನು ತೆಗೆದರು. ಈ ಮೊತ್ತವನ್ನು ಮಾರುವವರು ಕಟ್ಟುತ್ತಾರೋ ಕೊಳ್ಳುವವರೋ ಎಂಬುದು ಮಾರಾಟ ಕರಾರಿನಲ್ಲಿ ಒಂದು ಸಾಲಿನಷ್ಟು ಜಾಗ ಹಿಡಿಯುತ್ತದೆ, ಆದರೆ ಆ ಸಾಲಿನ ಬೆಲೆ ಹತ್ತಾರು ಸಾವಿರ ಡಾಲರ್ ಆಗಬಹುದು.

ಇನ್ನೂ ಒಂದು: ನೀರು, ಒಳಚರಂಡಿಯ ಸೌಲಭ್ಯ ನಿಮ್ಮ ಜಮೀನಿನ ಅಂಚಿಗೆ ಬಂದಿದ್ದು ನೀವು ಬಳಸದೆ ಖಾಲಿ ಬಿಟ್ಟಿದ್ದರೆ, ಟಿಸಿಇಕ್ಯೂ ಅನುಮತಿ ಪಡೆದು ಮಡ್ ‘ಸ್ಟ್ಯಾಂಡ್‌ಬೈ ಶುಲ್ಕ’ ಹಾಕಬಹುದು.

ಸೇರುವುದೇ ಸರಿ ಎಂದು ತೀರ್ಮಾನಿಸಿದರೆ ಬರಿಗೈಯಲ್ಲಿ ಸಹಿ ಹಾಕಬೇಡಿ. ನಿಮ್ಮ ಜಮೀನಿನ ಗಡಿಯವರೆಗೆ ಎಷ್ಟು ಅಗಲದ ಕೊಳವೆ, ಯಾವಾಗ ಬರುತ್ತದೆ? ಶುದ್ಧೀಕರಣ ಘಟಕದ ಸಾಮರ್ಥ್ಯದಲ್ಲಿ ನಿಮ್ಮ ಎಕರೆಗಳಿಗೆ ಎಷ್ಟು ಮನೆಗಳ ಪಾಲು ಮೀಸಲು? ಮಳೆನೀರಿನ ಹೊಂಡಕ್ಕೆ ಯಾರ ನೆಲ ಹೋಗುತ್ತದೆ? ನಾನು ನೋಡಿದ ಮಟ್ಟಿಗೆ ಸಣ್ಣ ಪಾಲುದಾರರು ಕೇಳದೆ ಬಿಡುವುದು ಇದನ್ನೇ. ಹ್ಯೂಸ್ಟನ್ ಕಡೆಯ ಸಪಾಟು ನೆಲದಲ್ಲಿ, ಅದರಲ್ಲೂ 2017ರ ಹಾರ್ವೆ ಚಂಡಮಾರುತದ ನಂತರ, ಹೊಂಡಗಳು ದೊಡ್ಡದಾಗುತ್ತಿವೆ. ನಕ್ಷೆಯಲ್ಲಿ ಅತ್ಯಂತ ತಗ್ಗಿನ ಮೂಲೆ ನಿಮ್ಮದಾಗಿದ್ದರೆ ಹೊಂಡಕ್ಕೆ ನಿಮ್ಮ ನೆಲದ ಮೇಲೇ ಕಣ್ಣು ಬೀಳುವುದು ಸಹಜ. ಇವೆಲ್ಲ ಮಾತಿನ ಭರವಸೆಯಾಗಿ ಉಳಿಯದೆ ಬರವಣಿಗೆಯ ಒಪ್ಪಂದವಾಗಿ, ನಿಮ್ಮದೇ ವಕೀಲರ ಕಣ್ಣಡಿ ಹಾದುಹೋಗಲಿ. ಡೆವಲಪರ್‌ನ ವಕೀಲರೇ ಮುಂದೆ ಮಡ್‌ನ ವಕೀಲರೂ ಆಗಿಬಿಡುವುದುಂಟು. ಅವರು ಎಷ್ಟು ಸೌಜನ್ಯದಿಂದ ವಿವರಿಸಿದರೂ ನಿಮ್ಮ ಪರವಾಗಿ ಮಾತನಾಡುತ್ತಿರುವುದಿಲ್ಲ.

ಎರಡನೆಯ ದಾರಿ: ಹೊರಗುಳಿಯುವುದು

ಜಮೀನನ್ನು ಮಕ್ಕಳ ಕಾಲದವರೆಗೆ ಇಟ್ಟುಕೊಳ್ಳುವ ಮನಸ್ಸಿದ್ದರೆ, ಅಥವಾ ಅಲ್ಲೇ ಮನೆ ಕಟ್ಟಿ ನಾಲ್ಕು ಮಾವಿನ ಗಿಡ ಇಲ್ಲದಿದ್ದರೂ ನಾಲ್ಕು ಅಂಜೂರದ ಗಿಡ ಬೆಳೆಸುವ ಆಸೆಯಿದ್ದರೆ, ಹೊರಗುಳಿಯುವುದೇ ಒಳ್ಳೆಯದು ಎನ್ನುತ್ತೇನೆ. ಸಾಲದ ತೆರಿಗೆ ಇಲ್ಲ. ಕೊಳವೆಬಾವಿ, ಸೆಪ್ಟಿಕ್ ಟ್ಯಾಂಕ್‌ನಲ್ಲಿ ಒಂದು ಕುಟುಂಬದ ಬದುಕು ಆರಾಮವಾಗಿ ಸಾಗುತ್ತದೆ. ಮುಂದೆ ಮನಸ್ಸು ಬದಲಾದರೆ ಮಾಲೀಕರೇ ಅರ್ಜಿ ಹಾಕಿ ಇರುವ ಮಡ್‌ಗೆ ಜಮೀನು ಸೇರಿಸಬಹುದು. ಮಡ್‌ನ ನಿರ್ದೇಶಕ ಮಂಡಳಿ ಒಪ್ಪಬೇಕು, ನಗರದ ವ್ಯಾಪ್ತಿಯಲ್ಲಿದ್ದರೆ ನಗರವೂ ಒಪ್ಪಬೇಕು, ಆಗ ಷರತ್ತು ಹಾಕುವವರು ಅವರು. ಆದರೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಒಳಗೆ ಹೋದ ಮೇಲೆ ಹೊರಬರುವುದಕ್ಕಿಂತ, ಹೊರಗಿದ್ದು ಒಳಗೆ ಹೋಗುವುದು ಎಷ್ಟೋ ಸುಲಭ. ಬಾಂಡ್ ಮಾರಾಟವಾದ ಮೇಲಂತೂ ಜಮೀನನ್ನು ಹೊರತೆಗೆಯುವುದು ಬಹಳ ಕಷ್ಟ.

ಹೊರಗುಳಿದರೆ ಮಡ್‌ನ ಪರಿಣಾಮವೇ ತಟ್ಟುವುದಿಲ್ಲ ಎಂದುಕೊಳ್ಳಬೇಡಿ. ಕೊಳವೆ ಹಾಯಿಸಲು ಬೇಕಾದ ಪಟ್ಟಿಯನ್ನು ಗಡಿಯಾಚೆಯ ನೆಲದಲ್ಲೂ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಇಂತಹ ಡಿಸ್ಟ್ರಿಕ್ಟ್‌ಗಳಿಗೆ ಸಾಮಾನ್ಯವಾಗಿ ಇರುತ್ತದೆ. ಅಂತರ್ಜಲದ ವಿಷಯ ಇನ್ನೂ ಸೂಕ್ಷ್ಮ. ತನ್ನ ನೆಲದಡಿಯ ನೀರನ್ನು ಮಾಲೀಕ ಎತ್ತಿಕೊಳ್ಳಬಹುದು, ಪಕ್ಕದವನ ಬಾವಿ ಬತ್ತಿದರೂ ಸಾಮಾನ್ಯವಾಗಿ ಹೊಣೆಯಿಲ್ಲ ಎಂಬ ತತ್ವವನ್ನು ಟೆಕ್ಸಾಸ್ ಸುಪ್ರೀಂ ಕೋರ್ಟ್ 1904ರಲ್ಲಿ ಒಪ್ಪಿತು. ಸ್ಥಳೀಯ ಅಂತರ್ಜಲ ಸಂರಕ್ಷಣಾ ಡಿಸ್ಟ್ರಿಕ್ಟ್‌ನ ನಿಯಮಗಳೇ ಅದಕ್ಕೆ ಮುಖ್ಯ ಕಡಿವಾಣ. ಪಕ್ಕದಲ್ಲಿ ಎರಡು ಸಾವಿರ ಮನೆಗಳಿಗೆ ನೀರೆತ್ತುವ ಬಾವಿ ಬಂದರೆ ನಿಮ್ಮ ಬಾವಿಯ ಮಟ್ಟ ಏನಾದೀತು ಎಂದು ಮೊದಲೇ ಕೇಳಬೇಕು. ಶುದ್ಧೀಕರಿಸಿದ ನೀರನ್ನು ಹಳ್ಳಕ್ಕೆ ಬಿಡುವುದಾದರೆ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅಕ್ಕಪಕ್ಕದವರಿಗೂ ಹಳ್ಳದ ಕೆಳಹರಿವಿನ ಒಂದು ಮೈಲಿಯೊಳಗಿನ ಮಾಲೀಕರಿಗೂ ನೋಟಿಸ್ ಬರುತ್ತದೆ.

ನಿಮ್ಮ ಜಮೀನನ್ನು ನಿಮ್ಮ ಮನಸ್ಸಿಗೆ ವಿರುದ್ಧವಾಗಿ ಗಡಿಯೊಳಗೆ ಎಳೆದಿದ್ದರೆ, ಕೈಕಟ್ಟಿ ಕೂರಬೇಕಿಲ್ಲ. ಅರ್ಜಿಯ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ 30 ದಿನಗಳೊಳಗೆ ವಿಚಾರಣೆ ಕೇಳಿ ಟಿಸಿಇಕ್ಯೂಗೆ ಬರೆಯಬಹುದು. ‘ನನಗೆ ಇಷ್ಟವಿಲ್ಲ’ ಎಂದರೆ ಸಾಲದು. ಕಾನೂನು ಆಯೋಗಕ್ಕೆ ನೋಡಲು ಹೇಳಿರುವುದು ಇವನ್ನು: ಹತ್ತಿರದಲ್ಲಿ ಅಂತಹದೇ ಸೇವೆ ಸಿಗುತ್ತದೆಯೇ, ವೆಚ್ಚವೂ ತೆರಿಗೆಯೂ ನ್ಯಾಯವಾಗಿವೆಯೇ, ಅಂತರ್ಜಲದ ಮಟ್ಟ, ಭೂಕುಸಿತ, ಮಳೆನೀರಿನ ಹರಿವು, ನೀರಿನ ಗುಣಮಟ್ಟಗಳ ಮೇಲೆ ಪರಿಣಾಮವೇನು. ನಿಮ್ಮ ಪತ್ರ ಈ ಅಂಶಗಳಿಗೆ ಅಂಟಿಕೊಂಡಿರಲಿ. ಇದರಲ್ಲಿ ಒಂದು ಬಲವಾದ ಅಸ್ತ್ರವೂ ಇದೆ: ಪ್ರಯೋಜನವಾಗದ ನೆಲವನ್ನು ಡಿಸ್ಟ್ರಿಕ್ಟ್‌ನಿಂದ ಆಯೋಗ ಕೈಬಿಡಬೇಕು. ನಿಮ್ಮ ಹತ್ತು ಎಕರೆ ಹಳ್ಳದ ಆಚೆ ದಡದಲ್ಲಿದ್ದು ಯೋಜನೆಯ ಯಾವ ಕೊಳವೆಯೂ ಅತ್ತ ಹಾಯದಿದ್ದರೆ, ಆ ನಕ್ಷೆಯನ್ನೇ ಪತ್ರಕ್ಕೆ ಲಗತ್ತಿಸಿ.

ಮೂರನೆಯ ದಾರಿ: ನಗರ

ಜಮೀನು ನಗರದ ಗಡಿಗೆ ತೀರಾ ಹತ್ತಿರವಿದ್ದರೆ ನಗರಕ್ಕೇ ಸೇರಿಸಿಕೊಳ್ಳಿ ಎಂದು ಕೇಳಬಹುದು. ನೆಲೆಯೂರಿದ ನಗರಗಳ ತೆರಿಗೆ ದರ ಹೊಸ ಮಡ್‌ನ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ; ಪೊಲೀಸ್, ಅಗ್ನಿಶಾಮಕ, ಗ್ರಂಥಾಲಯ ಎಲ್ಲ ಅದರಲ್ಲೇ ಬರುತ್ತವೆ. ತೊಡಕೆಂದರೆ, ನಗರದ ಕೊಳವೆ ಎರಡು ಮೈಲಿ ಆಚೆ ನಿಂತಿದ್ದರೆ ಅದನ್ನು ತರುವ ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ ಹೆಚ್ಚಾಗಿ ‘ನಿಮ್ಮದು’ ಎಂದೇ ಇರುತ್ತದೆ. ಕೌಂಟಿಗಳಿಗೆ ಸಾಮಾನ್ಯವಾಗಿ ಇಲ್ಲದ ಭೂಬಳಕೆ ವಲಯ ನಿಯಮಗಳು ಹ್ಯೂಸ್ಟನ್ ಬಿಟ್ಟರೆ ಹೆಚ್ಚಿನ ನಗರಗಳಲ್ಲಿ ಇರುತ್ತವೆ. ನಿವೇಶನದ ಗಾತ್ರ, ಮರ ಕಡಿಯುವುದು, ಎಲ್ಲದಕ್ಕೂ ಒಂದೊಂದು ಕಟ್ಟಳೆ.

ಹಿಂದೆ ಈ ಪ್ರಶ್ನೆಯನ್ನು ನಗರವೇ ತೀರ್ಮಾನಿಸುತ್ತಿತ್ತು. ಹ್ಯೂಸ್ಟನ್ 1996ರಲ್ಲಿ ಕಿಂಗ್‌ವುಡ್ ಅನ್ನು ನಿವಾಸಿಗಳ ತೀವ್ರ ವಿರೋಧದ ನಡುವೆಯೇ ಸೇರಿಸಿಕೊಂಡಿತು. ಆಸ್ಟಿನ್ ಮರುವರ್ಷ ಸರ್ಕಲ್ ಸಿ ಬಡಾವಣೆಯನ್ನು ಸೇರಿಸಿಕೊಂಡಿತು. ಶುಗರ್ ಲ್ಯಾಂಡ್ 2017ರ ಡಿಸೆಂಬರ್‌ನಲ್ಲಿ ಗ್ರೇಟ್‌ವುಡ್ ಮತ್ತು ನ್ಯೂ ಟೆರಿಟರಿಯನ್ನು ಸೇರಿಸಿಕೊಂಡಾಗ ಅಲ್ಲಿನ ಮಡ್‌ಗಳು ವಿಸರ್ಜನೆಗೊಂಡು ಅವುಗಳ ಸಾಲ ನಗರದ ಹೆಗಲಿಗೆ ಬಂತು. 2019ರ ಕಾನೂನು ಇಂತಹ ಬಲವಂತದ ಸೇರ್ಪಡೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಮಾಲೀಕರಿಗೆ ಇದು ಒಳ್ಳೆಯದೇ. ಆದರೆ ‘ಹತ್ತು ಹದಿನೈದು ವರ್ಷದಲ್ಲಿ ನಗರ ಸೇರಿಸಿಕೊಳ್ಳುತ್ತದೆ, ಮಡ್ ತೆರಿಗೆ ಹೋಗುತ್ತದೆ’ ಎಂದು ಮಾರಾಟಗಾರರು ಹೇಳುತ್ತಿದ್ದ ಹಳೆಯ ಮಾತಿಗೆ ಈಗ ಮೊದಲಿನ ತೂಕವಿಲ್ಲ. ನಗರಕ್ಕೂ ಮಡ್‌ಗೂ ನಡುವಿನ ಒಪ್ಪಂದದಲ್ಲಿ ಅದನ್ನು ಬರೆದಿದ್ದರೆ ಮಾತ್ರ ನಂಬಿ.

ನಗರದ ಗಡಿಯಾಚೆಗೂ ಅದರ ಹಿಡಿತ ಇರುವ ಪಟ್ಟಿಯೊಂದಿದೆ. ಅದನ್ನು ಇಟಿಜೆ ಎನ್ನುತ್ತಾರೆ. ಜನಸಂಖ್ಯೆಯ ಮೇಲೆ ಅದು ಅರ್ಧ ಮೈಲಿಯಿಂದ ಐದು ಮೈಲಿಯವರೆಗೆ ಚಾಚಿರುತ್ತದೆ. ಅಲ್ಲಿ ಮಡ್ ಬರಬೇಕಾದರೆ ಮೊದಲು ನಗರದ ಒಪ್ಪಿಗೆ ಕೇಳಬೇಕು. 2023ರ ಸೆಪ್ಟೆಂಬರ್‌ನಿಂದ ಮಾಲೀಕರು ಅರ್ಜಿ ಕೊಟ್ಟು ಇಟಿಜೆಯಿಂದ ಹೊರಬರಲು ಕಾನೂನು ದಾರಿ ಮಾಡಿಕೊಟ್ಟಿದೆ. ಡೆವಲಪರ್‌ಗಳು ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದಾರೆ. ನೀವು ಬಳಸುವ ಮೊದಲು ನೀರು ಯಾರು ಕೊಡುತ್ತಾರೆ ಎಂದು ತಿಳಿದುಕೊಳ್ಳಿ. ನೀರು ಕೊಡುವ ಹಕ್ಕಿನ ಪ್ರದೇಶಗಳು, ಅಂದರೆ ಸಿಸಿಎನ್‌ಗಳು, ಇಟಿಜೆ ಗಡಿಯನ್ನು ಅನುಸರಿಸುವುದಿಲ್ಲ. ನಿಮ್ಮ ನೆಲ ಗ್ರಾಮೀಣ ನೀರು ಸರಬರಾಜು ಸಂಸ್ಥೆಯೊಂದರ ಸಿಸಿಎನ್‌ನಲ್ಲಿದ್ದು ಅವರ ಕೊಳವೆ ಸಪೂರವಾಗಿದ್ದರೆ, ಮಡ್ ಬಂದರೂ ನೀರಿಗೆ ಅವರನ್ನೇ ನೆಚ್ಚಬೇಕಾದೀತು. ಹಲವು ಕೌಂಟಿಗಳಲ್ಲಿ 25 ಎಕರೆಗಿಂತ ಕಡಿಮೆಯಿಲ್ಲದ, ಸೇವೆ ಪಡೆಯದ ಜಮೀನನ್ನು ಸಿಸಿಎನ್‌ನಿಂದ ಬೇಗನೆ ಬಿಡಿಸಿಕೊಳ್ಳುವ ವ್ಯವಸ್ಥೆಯಿದೆ. ಐದಾರು ಕುಟುಂಬಗಳು ಸೇರಿ ಕೊಂಡ ಜಮೀನನ್ನು ಹಂಚಿಕೊಳ್ಳುವ ಆತುರದಲ್ಲಿರುವವರು ಇದನ್ನು ಗಮನಿಸಬೇಕು: 30 ಎಕರೆಯನ್ನು ಆರು ತುಂಡು ಮಾಡಿದ ಮೇಲೆ ಆ ಸೌಲಭ್ಯ ಒಬ್ಬರಿಗೂ ಸಿಗುವುದು ಕಷ್ಟ.

ಪಿಐಡಿ ಎಂಬ ಇನ್ನೊಂದು ಹೆಸರು

ಕೆಲವು ಯೋಜನೆಗಳಲ್ಲಿ ಮಡ್ ಬದಲು ಪಬ್ಲಿಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ (ಪಿಐಡಿ) ಬರುತ್ತದೆ. ಇದನ್ನು ರಚಿಸುವುದು ನಗರ ಅಥವಾ ಕೌಂಟಿ. ಇಲ್ಲಿ ಪ್ರತ್ಯೇಕ ಮಂಡಳಿ ಇಲ್ಲ, ಚುನಾವಣೆಯೂ ಇಲ್ಲ. ಮೌಲ್ಯ ಏರಿದಂತೆ ಏರುವ ತೆರಿಗೆಯ ಜಾಗದಲ್ಲಿ, ಪ್ರತಿ ನಿವೇಶನಕ್ಕೂ ಇಷ್ಟೆಂದು ಗೊತ್ತುಮಾಡಿದ ಮೊತ್ತ. ಕಂತಿನಲ್ಲಿ ಕಟ್ಟಬಹುದು, ಒಮ್ಮೆಲೇ ಕಟ್ಟಿ ಋಣಮುಕ್ತರೂ ಆಗಬಹುದು. ಆ ಮಟ್ಟಿಗೆ ಇದು ಮಡ್‌ಗಿಂತ ಸ್ಪಷ್ಟ. ಆದರೆ ಆಸ್ತಿಯ ಬೆಲೆ ಬಿದ್ದರೂ ಕಂತು ಇಳಿಯುವುದಿಲ್ಲ. ಫೆಡರಲ್ ಆದಾಯ ತೆರಿಗೆಯಲ್ಲಿ ಮಡ್ ತೆರಿಗೆಯನ್ನು ಮಿತಿಯೊಳಗೆ ಕಳೆಯಬಹುದು. ಪಿಐಡಿ ಕಂತಿನ ಅಸಲನ್ನು ಸಾಮಾನ್ಯವಾಗಿ ಕಳೆಯುವಂತಿಲ್ಲ. ನಗರದ ಒಳಗೇ ಮಡ್ ಅಥವಾ ಪಿಐಡಿ ಇರುವ ಬಡಾವಣೆಗಳೂ ಇವೆ. ಅಲ್ಲಿ ಎರಡೂ ಬಿಲ್ಲು ಕಟ್ಟಬೇಕು.

ಮನೆ ಕೊಳ್ಳುವವರಿಗೆ

ಮಡ್ ಒಳಗಿನ ಹೊಸ ಮನೆ, ನಗರದೊಳಗಿನ ಹಳೆಯ ಮನೆ, ಇವೆರಡರ ನಡುವೆ ತೂಗುತ್ತಿರುವವರು ಬೆಲೆಯನ್ನು ಮಾತ್ರ ಹೋಲಿಸಬಾರದು. ಮತ್ತೆ ಲೆಕ್ಕಕ್ಕೆಂದು: 4,50,000 ಡಾಲರ್ ಮನೆ. ಮಡ್ ದರ ನೂರಕ್ಕೆ 0.95 ಆದರೆ ವರ್ಷಕ್ಕೆ 4,275 ಡಾಲರ್. ನಗರದ ದರ 0.40 ಆದರೆ 1,800. ಶಾಲೆ, ಕೌಂಟಿ ತೆರಿಗೆ ಎರಡೂ ಕಡೆ ಒಂದೇ ಎಂದಿಟ್ಟುಕೊಂಡರೆ ವ್ಯತ್ಯಾಸ ವರ್ಷಕ್ಕೆ 2,475, ತಿಂಗಳಿಗೆ 206 ಡಾಲರ್. ಶೇ. 6.5ರ ಬಡ್ಡಿಯ ಮೂವತ್ತು ವರ್ಷದ ಸಾಲದಲ್ಲಿ ಆ 206 ಡಾಲರ್ ಕಂತು ಸುಮಾರು 32,600 ಡಾಲರ್ ಅಸಲಿಗೆ ಸಮ. ಅಂದರೆ ಮಡ್ ಮನೆ ಅಷ್ಟು ಅಗ್ಗವಾಗಿದ್ದರೆ ಎರಡೂ ಸರಿಸಮ. ಬಡಾವಣೆ ತುಂಬಿದಂತೆ ಮಡ್ ದರ ಇಳಿಯುವುದು ಸಾಮಾನ್ಯ, ಅದನ್ನು ನಿಮ್ಮ ಪರವಾಗಿ ಹಿಡಿಯಬಹುದು. ಆದರೆ ಇನ್ನೂ ಮಾರದ ಬಾಂಡ್ ಎಷ್ಟು ಬಾಕಿಯಿದೆ ಎಂದು ನೋಡದೆ ಹಿಡಿಯಬೇಡಿ. ಹತ್ತು ಕೋಟಿಗೆ ಅನುಮತಿ ಪಡೆದು ಎರಡು ಕೋಟಿಯನ್ನಷ್ಟೇ ಮಾರಿರುವ ಮಡ್‌ನ ದರ ಬೇಗ ಇಳಿಯುವುದಿಲ್ಲ.

ವಯಸ್ಸಾದವರಿರುವ ಮನೆಗಳು ಇನ್ನೊಂದನ್ನು ಲೆಕ್ಕ ಹಾಕಬೇಕು. 65 ದಾಟಿದವರಿಗೆ ಶಾಲಾ ತೆರಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಗರ, ಕೌಂಟಿಗಳೂ ಹಾಗೆ ನಿಲ್ಲಿಸಬಹುದು. ಮಡ್ ತೆರಿಗೆಗೆ ಆ ರಕ್ಷಣೆ ಇಲ್ಲ. ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ ಸಿಗುವ ದೊಡ್ಡ ವಿನಾಯಿತಿಯೂ ಮಡ್‌ಗೆ ಅನ್ವಯಿಸುವುದಿಲ್ಲ. ಮಂಡಳಿ ತನ್ನಿಷ್ಟದಂತೆ ಶೇ. 20ರವರೆಗೆ ಕೊಡಬಹುದು, ಕೊಡದೆಯೂ ಇರಬಹುದು. ನೀರಿನ ಬಿಲ್ಲನ್ನೂ ಕೇಳಿ ನೋಡಿ. ಹ್ಯೂಸ್ಟನ್ ಪ್ರದೇಶದಲ್ಲಿ ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯತೊಡಗಿದ್ದರಿಂದ 1975ರಲ್ಲಿ ಒಂದು ನಿಯಂತ್ರಣ ಸಂಸ್ಥೆ ಬಂತು. ಈಗ ನದಿ, ಜಲಾಶಯದ ನೀರಿಗೆ ಬದಲಾಗುವ ಖರ್ಚನ್ನು ಪ್ರಾದೇಶಿಕ ಜಲ ಪ್ರಾಧಿಕಾರಗಳು ಮಡ್‌ಗಳಿಂದ ವಸೂಲು ಮಾಡುತ್ತವೆ, ಮಡ್ ಅದನ್ನು ನಿಮ್ಮ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸುತ್ತದೆ. ಎಷ್ಟೋ ಮನೆಗಳಲ್ಲಿ ನೀರಿನ ಬೆಲೆಗಿಂತ ಆ ಸಾಲೇ ದೊಡ್ಡದು.

ಒಮ್ಮೆ ಮನೆ ಕೊಂಡು ನೆಲೆಸಿದ ಮೇಲೆ, ಪೌರತ್ವವಿದ್ದರೆ, ನಿಮಗೂ ಮತ ಸಿಗುತ್ತದೆ. ಐದು ಮಂದಿಯ ಮಂಡಳಿಗೆ ಸಮಸಂಖ್ಯೆಯ ವರ್ಷಗಳಲ್ಲಿ ಚುನಾವಣೆ. ಅವಧಿ ನಾಲ್ಕು ವರ್ಷ. ಹಲವು ಮಡ್‌ಗಳ ಸಭೆಗಳು ಹಗಲಿನಲ್ಲಿ, ಎಲ್ಲೋ ದೂರದ ವಕೀಲರ ಕಚೇರಿಯಲ್ಲಿ ನಡೆಯುವುದರಿಂದ ನಿವಾಸಿಗಳು ಸುಳಿಯುವುದೇ ಇಲ್ಲ. ಸಭೆ ಸಾರ್ವಜನಿಕರಿಗೆ ತೆರೆದಿರಲೇಬೇಕು. ತೆರಿಗೆ ದರ ನಿಗದಿಯಾಗುವ ಸಭೆಗಾದರೂ ಹೋಗಿ ಕುಳಿತುಕೊಳ್ಳಿ.

ಕೊನೆಗೆ ಕೊಳ್ಳುವವರಿಗೂ ಮಾರುವವರಿಗೂ ಒಟ್ಟಿಗೆ ಅನ್ವಯಿಸುವ ವಿಷಯ. ಮಡ್ ಒಳಗಿನ ಆಸ್ತಿ ಮಾರುವಾಗ ತೆರಿಗೆ ದರ, ಅನುಮತಿ ಪಡೆದ ಬಾಂಡ್‌ನ ಮೊತ್ತ, ಈವರೆಗೆ ಮಾರಿದ ಬಾಂಡ್‌ನ ಮೊತ್ತ, ಸ್ಟ್ಯಾಂಡ್‌ಬೈ ಶುಲ್ಕ, ಎಲ್ಲವನ್ನೂ ಬರೆದ ನೋಟಿಸನ್ನು ಕರಾರಿಗೆ ಮುಂಚೆ ಖರೀದಿದಾರರಿಗೆ ಕೊಡಬೇಕೆಂದು ವಾಟರ್ ಕೋಡ್‌ನ 49ನೇ ಅಧ್ಯಾಯ ಹೇಳುತ್ತದೆ. ಕೊಡದಿದ್ದರೆ ಅವರು ಕರಾರು ಮುರಿದು ಹೊರನಡೆಯಬಹುದು. ನಿಮ್ಮ ಹತ್ತು ಎಕರೆಯನ್ನು ಮಾರುವ ದಿನ ಆ ನೋಟಿಸ್ ಕೊಡಬೇಕಾದವರು ನೀವು. ಅದಕ್ಕೆ ಬೇಕಾದ ಮಾಹಿತಿ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಡಿಸ್ಟ್ರಿಕ್ಟ್ ಸಲ್ಲಿಸಿರುವ ನಮೂನೆಯಲ್ಲಿರುತ್ತದೆ. ಹಳೆಯ ಪ್ರತಿಯನ್ನು ನಂಬದೆ ಆ ವರ್ಷದ ದರ ಇರುವ ಪ್ರತಿಯನ್ನೇ ತೆಗೆಸಿಕೊಳ್ಳಿ.